ಬ್ರೇಕ್ ಒತ್ತಿದರೆ ಆ ವೇಗವೆಲ್ಲ ಎಲ್ಲಿಗೆ ಹೋಗುತ್ತದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಮಳೆಗಾಲದ ಡ್ರೈವಿಂಗ್ ಬಗ್ಗೆ ಬರೆಯುತ್ತಾ "ಘಾಟಿ ಇಳಿಯುವಾಗ ಬ್ರೇಕ್ ನಂಬಬೇಡಿ, ಗೇರ್ ನಂಬಿ" ಎಂದು ಒಂದು ಸಾಲು ಹಾಕಿದ್ದೆವು. ಪತ್ರ ಬಂದಿದ್ದೆಲ್ಲ ಆ ಒಂದು ಸಾಲಿಗೇ. ಕೆಲವರು ಬೈದಿದ್ದಾರೆ, ಕೆಲವರು ಲೆಕ್ಕ ಕೇಳಿದ್ದಾರೆ. ಹಾಗಾಗಿ ಈ ಸಲ ಅಂಕಣ ಪೂರ್ತಿ ಬ್ರೇಕ್‌ಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಸಾರ್, ನಾನು ಮೊದಲ ಪಿಯುಸಿ. ಬ್ರೇಕ್ ಹಾಕಿದ ಕಾರಿನ ಲೆಕ್ಕ ಬಂದರೆ "ರಸ್ತೆಯ ಘರ್ಷಣೆ ಮಾಡಿದ ಕೆಲಸ = ಚಲನ ಶಕ್ತಿಯಲ್ಲಾದ ಇಳಿಕೆ" ಎಂದು ಬರೆಯುತ್ತೇವೆ. ಆದರೆ ಟೈರ್ ಜಾರದೆ ಉರುಳುತ್ತಿದ್ದರೆ ರಸ್ತೆ ತಾಗುವ ಜಾಗ ನಿಂತೇ ಇರುತ್ತದೆ, ಅಲ್ಲಿ ಘರ್ಷಣೆ ಮಾಡುವ ಕೆಲಸ ಸೊನ್ನೆ ಅಂತ ಇನ್ನೊಂದು ಪಾಠದಲ್ಲಿದೆ. ಬಿಸಿಯಾಗುವುದು ನೋಡಿದರೆ ಡಿಸ್ಕ್. ಹಾಗಾದರೆ ಕೆಲಸ ಮಾಡಿದ್ದು ಯಾರು? (ವಿದ್ಯಾರ್ಥಿನಿ, ತೀರ್ಥಹಳ್ಳಿ)

ಉತ್ತರ: ಇದನ್ನು ಕೇಳಿದ್ದಕ್ಕೆ ಮೇಷ್ಟ್ರು ಸಿಟ್ಟಾದರೆ ನಮ್ಮ ಹೆಸರು ಹೇಳಿ. ಎರಡು ಪಾಠವೂ ಸರಿ. ಅವು ಬೇರೆ ಬೇರೆ ಲೆಕ್ಕ ಹೇಳುತ್ತಿವೆ, ನಾವು ಎರಡನ್ನೂ ಒಂದೇ ಅಂದುಕೊಂಡು ತಲೆ ಕೆಡಿಸಿಕೊಳ್ಳುತ್ತೇವೆ.

ಮೊದಲು ಕಾರನ್ನು ನಿಧಾನ ಮಾಡಿದ್ದು ಯಾರು ಅಂತ ನೋಡೋಣ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹಿಂದಿನ ಚಕ್ರ ತಿರುಗಿಸಿ, ಬ್ರೇಕ್ ತುಳಿಯಿರಿ. ಚಕ್ರ ಗಕ್ಕನೆ ನಿಲ್ಲುತ್ತದೆ. ಬ್ರೇಕಿನ ಕೈಲಿ ಆಗುವುದು ಅಷ್ಟೇ. ಇಡೀ ಗಾಡಿಯನ್ನು ಹಿಂದಕ್ಕೆ ತಳ್ಳಬೇಕಾದರೆ ಗಾಡಿಯ ಹೊರಗಿನದೊಂದು ಬೇಕು, ಅದು ರಸ್ತೆ. ಕೆಸರಲ್ಲಿ ಬ್ರೇಕ್ ಹಿಡಿದರೆ ಚಕ್ರ ನಿಂತು ಗಾಡಿ ಹಾಗೇ ಜಾರಿಕೊಂಡು ಹೋಗುವುದನ್ನು ನಿಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಾ ನೋಡಬಹುದು. ಬ್ರೇಕ್ ಅಲ್ಲೂ ತನ್ನ ಕೆಲಸ ಮಾಡಿದೆ, ರಸ್ತೆ ಮಾಡಿಲ್ಲ. ಹಾಗಾಗಿ ಬಲ ಮತ್ತು ಸಂವೇಗದ ಲೆಕ್ಕಕ್ಕೆ ರಸ್ತೆಯೇ ಜವಾಬ್ದಾರಿ.

ಈಗ ಶಾಖದ ಲೆಕ್ಕ. ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಗಾಡಿಯನ್ನು ಮೆಲ್ಲಗೆ ತಳ್ಳಿ ನೋಡಿ. ಗೆರೆ ಮೇಲಿಂದ ಬರುತ್ತದೆ, ನೆಲ ಮುಟ್ಟುತ್ತದೆ, ಒಂದು ಕ್ಷಣ ಅಲ್ಲೇ ಇರುತ್ತದೆ, ಆಮೇಲೆ ಎದ್ದು ಹೋಗುತ್ತದೆ. ನೆಲದ ಮೇಲೆ ಉಜ್ಜುವುದಿಲ್ಲ. ಉಜ್ಜದಿದ್ದರೆ ಶಾಖವೂ ಇಲ್ಲ. ಅದೇ ಹೊತ್ತಿಗೆ ಡಿಸ್ಕ್, ಅಂದರೆ ಚಕ್ರದ ಜೊತೆಗೇ ತಿರುಗುವ ಕಬ್ಬಿಣದ ತಟ್ಟೆ ನೋಡಿದರೆ, ಎರಡು ಪ್ಯಾಡ್‌ಗಳ ನಡುವೆ ಸಿಕ್ಕಿಕೊಂಡೇ ಸರ್ರನೆ ತಿರುಗುತ್ತಿದೆ. ಉಜ್ಜಾಟ ನಡೆಯುವುದು ಅಲ್ಲಿ.

ಸುಮ್ನೆ ಮಾತು ಬೇಡ, ಅಂಕಿ ಹಾಕೋಣ. 1,200 ಕಿಲೋ ಕಾರು, ಗಂಟೆಗೆ 60 ಕಿ.ಮೀ., ಅಂದರೆ ಸೆಕೆಂಡಿಗೆ 16.7 ಮೀಟರ್. ಅರ್ಧ × ದ್ರವ್ಯರಾಶಿ × ವೇಗದ ವರ್ಗ ಮಾಡಿದರೆ ಸುಮಾರು 1.67 ಲಕ್ಷ ಜೂಲ್. ಒಳ್ಳೆಯ ಒಣ ಡಾಂಬರ್ ರಸ್ತೆಯಲ್ಲಿ ಘರ್ಷಣಾಂಕ (ರಸ್ತೆಯ ಹಿಡಿತದ ಅಳತೆ) 0.7 ಎಂದಿಟ್ಟುಕೊಂಡರೆ ಕಾರು ಸುಮಾರು 20.2 ಮೀಟರ್‌ನಲ್ಲಿ ನಿಲ್ಲುತ್ತದೆ. ರಸ್ತೆಯ ಬಲ ಸುಮಾರು 8,250 ನ್ಯೂಟನ್. ಎರಡನ್ನೂ ಗುಣಿಸಿ, 1.67 ಲಕ್ಷ ಬಂತು. ಪರೀಕ್ಷೆಗೆ ಇದನ್ನೇ ಬರೆಯಿರಿ, ಪೂರ್ತಿ ಅಂಕ ಸಿಗುತ್ತದೆ. ಇಲ್ಲಿ 20.2 ಮೀಟರ್ ಅನ್ನುವುದು ಕಾರಿನ ದ್ರವ್ಯರಾಶಿ ಕೇಂದ್ರ ಹೋದ ದೂರ. ಟೈರಿನ ತಳ ಅಷ್ಟು ದೂರ ಉಜ್ಜಿಲ್ಲ. ನ್ಯೂಟನ್ನನ ನಿಯಮದಿಂದ ಹೊರಡುವ ಲೆಕ್ಕ ಇದು. ಶಾಖ ಎಲ್ಲಿ ಹುಟ್ಟಿತು ಎಂಬ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ.

ಈಗ ಡಿಸ್ಕಿನ ಕಡೆಯಿಂದ ಬನ್ನಿ. ಟೈರಿನ ತ್ರಿಜ್ಯ 30 ಸೆಂ.ಮೀ., ಪ್ಯಾಡ್ ಕಚ್ಚುವ ಜಾಗ ನಡುವಿನಿಂದ 11 ಸೆಂ.ಮೀ. ಇದೆ ಅನ್ನಿ. ಕಾರು 20.2 ಮೀಟರ್ ಹೋಗುವಷ್ಟರಲ್ಲಿ ಡಿಸ್ಕ್ ಪ್ಯಾಡಿನಡಿ ಉಜ್ಜಿದ್ದು 7.4 ಮೀಟರ್ ಮಾತ್ರ. ಆದರೆ ತ್ರಿಜ್ಯ ಚಿಕ್ಕದಾದಷ್ಟೂ ಬಲ ಜಾಸ್ತಿ ಬೇಕು: ನಾಲ್ಕೂ ಚಕ್ರ ಸೇರಿ ಸುಮಾರು 22,500 ನ್ಯೂಟನ್. ಗುಣಿಸಿ ನೋಡಿ. ಮತ್ತೆ ಅದೇ 1.67 ಲಕ್ಷ! ಇದು ನಿಜವಾಗಿ ಶಾಖವಾದ ಶಕ್ತಿ. ಅದರಲ್ಲಿ ಸುಮಾರು ಶೇ. 70ರಷ್ಟು ಮುಂದಿನ ಎರಡು ಡಿಸ್ಕ್‌ಗಳಿಗೆ ಹೋಯಿತು, ಎರಡೂ ಸೇರಿ 10 ಕಿಲೋ ಕಬ್ಬಿಣ ಎಂದುಕೊಂಡರೆ, ಒಂದು ಸಲ ನಿಲ್ಲಿಸಿದ್ದಕ್ಕೆ ಅವು 25 ಡಿಗ್ರಿ ಬಿಸಿಯಾಗುತ್ತವೆ. 100 ಕಿ.ಮೀ. ವೇಗದಿಂದ ನಿಲ್ಲಿಸಿದ್ದರೆ 70 ಡಿಗ್ರಿ.

ಕೊನೆಗೊಂದು ತಿದ್ದುಪಡಿ, ನಿಮ್ಮ ಮೇಷ್ಟ್ರಿಗೂ ಇಷ್ಟವಾಗಬಹುದು. ಜೋರಾಗಿ ಬ್ರೇಕ್ ಹಿಡಿದಾಗ ನಿಜವಾದ ಟೈರ್ ಸ್ವಲ್ಪ ಜಾರುತ್ತಲೇ ಉರುಳುತ್ತದೆ. ಚಕ್ರ ತಿರುಗಬೇಕಾದ್ದಕ್ಕಿಂತ ಶೇ. 10ರಷ್ಟು ನಿಧಾನ ತಿರುಗುತ್ತಿದೆ ಅಂದರೆ ಶಕ್ತಿಯ ಶೇ. 10 ಟೈರ್ ಮತ್ತು ರಸ್ತೆಯ ನಡುವೆ ಶಾಖವಾಗುತ್ತದೆ, ಉಳಿದ 90 ಬ್ರೇಕಿನಲ್ಲಿ. ಚಕ್ರ ಪೂರ್ತಿ ಲಾಕ್ ಆದರೆ? ಡಿಸ್ಕ್ ತಿರುಗುವುದೇ ಇಲ್ಲ, ಅಲ್ಲಿ ಶಾಖ ಸೊನ್ನೆ. ಅಷ್ಟೂ ರಬ್ಬರಿಗೇ. ರಸ್ತೆ ಮೇಲೆ ಕಾಣುವ ಕಪ್ಪು ಗೆರೆ ಅದೇ.

ಪ್ರಶ್ನೆ: ನಮ್ಮದು ಎರಡು ಲಾರಿ ಇದೆ, ಮಂಗಳೂರಿಗೆ ಶಿರಾಡಿ ಘಾಟಿ ಮೇಲೆ ಲೋಡ್ ಹೋಗುತ್ತದೆ. ಒಬ್ಬ ಡ್ರೈವರ್ ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಬಿಡುತ್ತಾನೆ, ಡೀಸೆಲ್ ಉಳಿಯುತ್ತೆ ಅಂತಾನೆ. ಎಷ್ಟು ಹೇಳಿದರೂ ಕೇಳಲ್ಲ. ನೀವಾದರೂ ಅವನಿಗೆ ಅರ್ಥವಾಗುವ ಹಾಗೆ ಬರೆಯಿರಿ. (ಲಾರಿ ಮಾಲೀಕರು, ಹಾಸನ)

ಉತ್ತರ: ಈ ಪುಟವನ್ನು ಹರಿದು ಅವರ ಕೈಗೇ ಕೊಡಿ. ಮಾತೂ ಅವರ ಜೊತೆಗೇ ಆಡುತ್ತೇವೆ.

ಡ್ರೈವರ್ ಅಣ್ಣಾ, ನಿಮ್ಮ ಗಾಡಿ ಲೋಡ್ ಸೇರಿ 16 ಟನ್. ಇಳಿತ 500 ಮೀಟರ್ ಎಂದಿಟ್ಟುಕೊಳ್ಳಿ, ಶಿರಾಡಿಯಲ್ಲಿ ಅದಕ್ಕಿಂತ ಜಾಸ್ತಿಯೇ ಇದೆ. ಮೇಲಿದ್ದಾಗ ಇದ್ದ ಶಕ್ತಿ ಕೆಳಗೆ ಬಂದಾಗ ಇಲ್ಲ, ಆ ವ್ಯತ್ಯಾಸ 7.84 ಕೋಟಿ ಜೂಲ್. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ ಸುಮಾರು 22 ಯೂನಿಟ್. ಸಪಾಟು ರಸ್ತೆಯಲ್ಲಿ 60ರ ವೇಗದಿಂದ ಪೂರ್ತಿ ನಿಲ್ಲಿಸಿದರೆ ಬ್ರೇಕಿಗೆ ಬೀಳುವುದು 22 ಲಕ್ಷ ಜೂಲ್ ಚಿಲ್ಲರೆ. ಅಂದರೆ ಒಂದು ಘಾಟಿ ಇಳಿಯುವುದು 35 ಸಲ 60ರಿಂದ ಸೊನ್ನೆಗೆ ತಂದ ಹಾಗೆ, ಅದೂ ಮಧ್ಯೆ ಆರಲು ಬಿಡದೆ. ಇಪ್ಪತ್ತು ನಿಮಿಷದಲ್ಲಿ ಇಳಿದರೆ 65 ಕಿಲೋವ್ಯಾಟ್ ಆಯಿತು, ಮನೆಯ ದೊಡ್ಡ ಗೀಸರ್ ಇರುತ್ತಲ್ಲ, ಅಂಥವು 30ಕ್ಕಿಂತ ಜಾಸ್ತಿ ಒಟ್ಟಿಗೆ ಉರಿದಷ್ಟು. ಟೈರ್ ಉರುಳುವುದರಲ್ಲಿ ಮತ್ತು ಗಾಳಿಯಲ್ಲಿ ಸ್ವಲ್ಪ ಹೋಗುತ್ತದೆ. ಉಳಿದದ್ದು ಎಲ್ಲೋ ಒಂದು ಕಡೆ ಶಾಖವಾಗಲೇಬೇಕು. ಎಲ್ಲಿ ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ದಶಕದಲ್ಲಿ ಇದನ್ನೇ ಚಿಕ್ಕದಾಗಿ ಮಾಡಿದ್ದ. ಭಾರದ ತುಂಡುಗಳು ಕೆಳಗಿಳಿಯುತ್ತಾ ನೀರಿನೊಳಗೆ ರೆಕ್ಕೆಗಳನ್ನು ತಿರುಗಿಸುವ ಹಾಗೆ ಮಾಡಿ, ನೀರು ಎಷ್ಟು ಬಿಸಿಯಾಯಿತು ಎಂದು ಅಳೆದ. ನೀವು 16 ಟನ್ ಭಾರ ಇಳಿಸುತ್ತಿದ್ದೀರಿ, ನೀರಿನ ಜಾಗದಲ್ಲಿ ಬ್ರೇಕ್ ಡ್ರಮ್ ಇದೆ.

ಗೇರ್‌ನಲ್ಲಿದ್ದರೆ ಆ ಶಕ್ತಿಯಲ್ಲಿ ದೊಡ್ಡ ಪಾಲು ಎಂಜಿನ್‌ಗೆ ಹೋಗುತ್ತದೆ. ಚಕ್ರಗಳು ಎಂಜಿನ್ನನ್ನು ತಿರುಗಿಸಬೇಕು, ಅದು ಗಾಳಿ ಎಳೆದು ಒತ್ತಿ ಹೊರಗೆ ತಳ್ಳಬೇಕು. ಎಕ್ಸಾಸ್ಟ್ ಬ್ರೇಕ್ ಸ್ವಿಚ್ ಹಾಕಿದರೆ ಹೊಗೆ ಹೋಗುವ ಪೈಪಿನ ಬಾಯಿ ಮುಚ್ಚಿಕೊಂಡು ಆ ತಳ್ಳುವ ಕೆಲಸ ಇನ್ನೂ ಕಷ್ಟವಾಗುತ್ತದೆ, ಗಾಡಿ ಹಿಡಿದ ಹಾಗಾಗುತ್ತದೆ. ಹುಟ್ಟಿದ ಶಾಖ ಸೈಲೆನ್ಸರ್ ಮತ್ತು ರೇಡಿಯೇಟರ್ ದಾರಿಯಲ್ಲಿ ಹೊರಗೆ ಹೋಗುತ್ತದೆ, ಇಡೀ ದಿನ ಶಾಖ ಹೊರಹಾಕಲೆಂದೇ ಮಾಡಿದ ದಾರಿ ಅದು. ನ್ಯೂಟ್ರಲ್ ಮಾಡಿದಿರೋ, ಆ ಬಾಗಿಲು ಮುಚ್ಚಿತು. ಅಷ್ಟೂ ಡ್ರಮ್ಮಿಗೆ.

ಡ್ರಮ್ ಬಿಸಿಯಾದರೆ ಏನಾಗುತ್ತದೆ? ಅದು ಹಿಗ್ಗುತ್ತದೆ. ಡ್ರಮ್ಮನ್ನು ಉಜ್ಜಿ ಹಿಡಿಯುವ ಲೈನರ್ ಇರುವುದು ಒಳಗೆ, ಡ್ರಮ್ ಹಿಗ್ಗುವುದು ಹೊರಗೆ, ಹಾಗಾಗಿ ಲೈನರ್ ಡ್ರಮ್ಮನ್ನು ಮುಟ್ಟಲು ಇನ್ನೂ ದೂರ ಹೋಗಬೇಕು. ಜೊತೆಗೆ ಲೈನರಿನಲ್ಲಿರುವ ಅಂಟು ಸುಟ್ಟು ಹಿಡಿತ ಕಡಿಮೆಯಾಗುತ್ತದೆ, ಆ ಕಮಟು ವಾಸನೆ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ವಾಸನೆ ಬರುವ ಹೊತ್ತಿಗೆ ಅರ್ಧ ಬ್ರೇಕ್ ಹೋಗಿರುತ್ತದೆ. ಆಗ ಕೆಳಗಿನ ಗೇರ್ ಹಾಕಲು ಹೋದರೆ ವೇಗ ಏರಿರುವುದರಿಂದ ಗೇರ್ ಬೀಳುವುದೇ ಇಲ್ಲ. ನ್ಯೂಟ್ರಲ್‌ನಲ್ಲಿ ಹೋದವರ ಕಥೆ ಬಹಳಷ್ಟು ಸಲ ಮುಗಿಯುವುದು ಇಲ್ಲೇ.

ಇನ್ನು ಡೀಸೆಲ್. ಇದು ತಮಾಷೆ. ಈಗಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್ ಹಾಕಿಕೊಂಡು ಎಕ್ಸಲರೇಟರ್ ಬಿಟ್ಟರೆ ಡೀಸೆಲ್ ಸಿಂಪಡಣೆಯೇ ನಿಲ್ಲುತ್ತದೆ, ಎಂಜಿನ್ ತಿರುಗಿಸಲು ಚಕ್ರಗಳೇ ಇವೆಯಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನೇ ತಿರುಗುತ್ತಿರಬೇಕು, ಅದಕ್ಕೆ ಡೀಸೆಲ್ ಬೇಕೇ ಬೇಕು. ಇಳಿಜಾರಿನಲ್ಲಿ ಉಳಿತಾಯ ಇರುವುದು ಗೇರ್‌ನಲ್ಲಿ. ಎಂಜಿನ್ನನ್ನೇ ಆಫ್ ಮಾಡಿ ಇಳಿಸುವ ಮಹಾನುಭಾವರೂ ಇದ್ದಾರೆ: ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಓಡುವುದು ಎಂಜಿನ್ನಿಂದ, ಇದಕ್ಕಿಂತ ಜಾಸ್ತಿ ಹೇಳಬೇಕಾ?

ಒಂದು ವಿಷಯ ಮಾತ್ರ ನಿಮ್ಮ ಕಡೆಯಿಂದ ಒಪ್ಪುತ್ತೇವೆ. "ಬ್ರೇಕ್ ಬಿಟ್ಟು ಬಿಟ್ಟು ಹಾಕಿದರೆ ಶಾಖ ಕಡಿಮೆ" ಎಂದು ಮಾಲೀಕರು ಬೈಯುತ್ತಾರಲ್ಲ, ಆ ಕಾರಣ ಪೂರ್ತಿ ಸರಿಯಿಲ್ಲ. ಸರಾಸರಿ ವೇಗ ಒಂದೇ ಇದ್ದರೆ ಒಟ್ಟು ಶಾಖವೂ ಹೆಚ್ಚುಕಡಿಮೆ ಒಂದೇ. ಆದರೂ ಬಿಟ್ಟು ಬಿಟ್ಟು ಹಾಕುವುದೇ ಒಳ್ಳೆಯದು. ಏಕೆಂದರೆ ಏರ್ ಬ್ರೇಕಿನಲ್ಲಿ ಕಾಲನ್ನು ಹಗುರವಾಗಿ ಇಟ್ಟೇ ಇದ್ದರೆ ಎಲ್ಲ ಚಕ್ರವೂ ಸಮನಾಗಿ ಹಿಡಿಯುವುದಿಲ್ಲ, ಯಾವುದೋ ಒಂದೆರಡು ಚಕ್ರದ ಮೇಲೆ ಭಾರ ಬಿದ್ದು ಅವೇ ಸುಡುತ್ತವೆ. ಗಟ್ಟಿಯಾಗಿ ಒತ್ತಿ, 40ರಿಂದ 30ಕ್ಕೆ ತಂದು, ಪೂರ್ತಿ ಬಿಟ್ಟರೆ ಎಲ್ಲವೂ ಪಾಲು ಹಂಚಿಕೊಳ್ಳುತ್ತವೆ. ಡ್ರಮ್ಮಿನ ಬಿಸಿ ನಿಜವಾಗಿ ತಗ್ಗಬೇಕಾದರೆ ಎರಡೇ ದಾರಿ: ಎಂಜಿನ್‌ಗೆ ಪಾಲು ಕೊಡುವುದು, ಮತ್ತು ನಿಧಾನ ಇಳಿಯುವುದು. ಅರ್ಧ ವೇಗದಲ್ಲಿ ಇಳಿದರೆ ಅಷ್ಟೇ ಶಾಖ ಎರಡರಷ್ಟು ಹೊತ್ತಿನಲ್ಲಿ ಬರುತ್ತದೆ, ಡ್ರಮ್ಮಿಗೆ ಆರಲು ಸಮಯ ಸಿಗುತ್ತದೆ. ಘಾಟಿ ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ, ಹಳೆಯ ಡ್ರೈವರ್‌ಗಳ ಈ ಲೆಕ್ಕ ಸಾಕು. ಅಂದ ಹಾಗೆ, ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಎರಕದ ಕಬ್ಬಿಣ ಸೀಳು ಬಿಡುತ್ತದೆ.

ಪ್ರಶ್ನೆ: ಕಾರಿನಲ್ಲಿ ಘಾಟಿ ಇಳಿದ ಮೇಲೆ ಒಮ್ಮೆ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೇ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ಮೆಕ್ಯಾನಿಕ್ ಬ್ರೇಕ್ ಆಯಿಲ್ ಬದಲಿಸಿ ಅಂತಾರೆ, ಆಯಿಲ್ ಲೆವೆಲ್ ಸರಿಯಾಗೇ ಇದೆ. (ಶಿವಮೊಗ್ಗ)

ಉತ್ತರ: ಮೆಕ್ಯಾನಿಕ್ ಹೇಳಿದ್ದು ಸರಿ, ಇವತ್ತೇ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಮೆಲ್ಲಮೆಲ್ಲಗೆ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ, ತೇವ ಹಿಡಿದ ಮೇಲೆ ಅದೇ ನಿಯಮ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಘಾಟಿಯಲ್ಲಿ ಕಾದ ಪ್ಯಾಡ್ ಪಕ್ಕದ ಆಯಿಲ್ ಕುದಿದು ಆವಿ ಗುಳ್ಳೆ ಎದ್ದಿದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ತುಳಿದದ್ದೆಲ್ಲ ಗುಳ್ಳೆ ಕುಗ್ಗಿಸಲು ಹೋಯಿತು, ಪ್ಯಾಡಿಗೆ ತಲುಪಲಿಲ್ಲ. ಆರಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಯಿತು. "ತಾನೇ ಸರಿಯಾಯಿತು" ಅಂತ ಬಿಟ್ಟರೆ ಮುಂದಿನ ಸಲ ಅರ್ಧ ಗಂಟೆ ನಿಲ್ಲಿಸಲು ಜಾಗ ಸಿಗಬೇಕಲ್ಲ.

ಪ್ರಶ್ನೆ: ಮಗ ಬೈಪಾಸ್‌ನಲ್ಲಿ 80ರಲ್ಲಿ ಓಡಿಸುತ್ತಾನೆ. 60ಕ್ಕೂ 80ಕ್ಕೂ ಏನು ಮಹಾ ವ್ಯತ್ಯಾಸ, ಬರೀ 20 ಅಂತ ವಾದ. (ದಾವಣಗೆರೆ)

ಉತ್ತರ: ಎರಡು ಕಾರು ಅಕ್ಕಪಕ್ಕ ಬರುತ್ತಿವೆ ಅಂದುಕೊಳ್ಳಿ, ಒಂದು 60ರಲ್ಲಿ, ಇನ್ನೊಂದು 80ರಲ್ಲಿ. ಎದುರಿಗೆ ಎಮ್ಮೆ ಬಂತು. ಇಬ್ಬರಿಗೂ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. 60ರವನು ಅಷ್ಟರಲ್ಲಿ 17 ಮೀಟರ್ ಹೋಗಿ, ಆಮೇಲೆ 20 ಮೀಟರ್‌ನಲ್ಲಿ ನಿಲ್ಲಿಸುತ್ತಾನೆ, ಒಟ್ಟು 37 ಮೀಟರ್. ಎಮ್ಮೆ ಬಚಾವ್. 80ರವನು ಅದೇ 37 ಮೀಟರ್ ಮುಟ್ಟಿದಾಗ ಅವನ ವೇಗ ಎಷ್ಟಿರುತ್ತದೆ ಹೇಳಿ? 20 ಅಂತ ಹೇಳುವವರೇ ಜಾಸ್ತಿ. ಲೆಕ್ಕ ಹಾಕಿದರೆ ಸುಮಾರು 61 ಕಿ.ಮೀ.! ಪಕ್ಕದವನು ಬ್ರೇಕ್ ಹಿಡಿಯುವ ಮೊದಲು ಯಾವ ವೇಗದಲ್ಲಿದ್ದನೋ, ಇವನು ಬ್ರೇಕ್ ಹಿಡಿದೂ ಅದೇ ವೇಗದಲ್ಲಿ ಗುದ್ದುತ್ತಾನೆ. ಶಕ್ತಿ ವೇಗದ ವರ್ಗದಂತೆ ಏರುವುದರಿಂದ 80ರ ಕಾರಿನಲ್ಲಿ 60ರದ್ದಕ್ಕಿಂತ ಶೇ. 78 ಜಾಸ್ತಿ ಶಕ್ತಿ ಇರುತ್ತದೆ, ಆದರೆ ಪ್ರತಿ ಮೀಟರಿಗೆ ಬ್ರೇಕ್ ತೆಗೆಯುವುದು ಇಬ್ಬರಿಂದಲೂ ಒಂದೇ ಸಮ. ಇದು ಒಣ ರಸ್ತೆಯ ಮಾತು. ಒದ್ದೆ ರಸ್ತೆಯಲ್ಲಿ ಘರ್ಷಣಾಂಕ 0.4ಕ್ಕೆ ಇಳಿದರೆ 60ರವನಿಗೇ ಬ್ರೇಕ್ ಹಿಡಿದ ಮೇಲೆ 35 ಮೀಟರ್ ಬೇಕು.

ಪ್ರಶ್ನೆ: ಲೋಡ್ ಇದ್ದ ಗಾಡಿ ನಿಲ್ಲಲು ಜಾಸ್ತಿ ದೂರ ಬೇಕು ಅಂತಾರೆ. ನಮ್ಮ ಪುಸ್ತಕದ ಸೂತ್ರದಲ್ಲಿ ದ್ರವ್ಯರಾಶಿಯೇ ಇಲ್ಲ? (ಹತ್ತನೇ ತರಗತಿ, ಗದಗ)

ಉತ್ತರ: ತೂಕ ಎರಡರಷ್ಟಾದರೆ ಶಕ್ತಿಯೂ ಎರಡರಷ್ಟು, ಆದರೆ ಟೈರ್ ರಸ್ತೆಯನ್ನು ಒತ್ತುವ ಬಲವೂ ಎರಡರಷ್ಟು, ಹಾಗಾಗಿ ಸೂತ್ರದಲ್ಲಿ ಅದು ವಜಾ ಆಗುತ್ತದೆ. ಟೈರ್ ಜಾರುವ ಅಂಚಿನವರೆಗೆ ಒತ್ತುವ ಶಕ್ತಿ ಬ್ರೇಕಿಗೆ ಇದ್ದರೆ ಮಾತ್ರ ಇದು ನಿಜ. ಓವರ್‌ಲೋಡ್ ಲಾರಿಯ ಬ್ರೇಕಿಗೆ ಅಷ್ಟು ಶಕ್ತಿ ಇರುವುದಿಲ್ಲ. ಏರ್ ಬ್ರೇಕಿನಲ್ಲಿ ಗಾಳಿ ಪೈಪಿನಲ್ಲಿ ಓಡಿ ಚಕ್ರ ತಲುಪಲೂ ಸ್ವಲ್ಪ ಹೊತ್ತು ಬೇಕು.

ಪ್ರಶ್ನೆ: ಬೈಕಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೆ ಅಂತ ಅಪ್ಪ ಹೇಳಿಕೊಟ್ಟಿದ್ದಾರೆ. ಹಿಂದಿನದೊಂದೇ ಸಾಕಲ್ವಾ? (ರಾಯಚೂರು)

ಉತ್ತರ: ಸಾಕಾಗಲ್ಲ. ಬ್ರೇಕ್ ಹಿಡಿದ ಕೂಡಲೇ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಫೋರ್ಕ್ ಕುಸಿಯುವುದು ಕಣ್ಣಿಗೇ ಕಾಣುತ್ತದೆ. ಮಾಮೂಲಿ ಬೈಕಿನಲ್ಲಿ ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಹತ್ತರಲ್ಲಿ ಎಂಟು ಪಾಲು ಭಾರ ಮುಂದಿನ ಚಕ್ರದ ಮೇಲಿರುತ್ತದೆ. ಎರಡು ಪಾಲು ಭಾರ ಇರುವ ಹಿಂದಿನ ಚಕ್ರವನ್ನೇ ನಂಬಿದರೆ ಅದು ಲಾಕ್ ಆಗಿ ಸ್ಕಿಡ್ ಆಗುತ್ತದೆ, ಅಷ್ಟೇ. ಎರಡೂ ಹಿಡಿಯಿರಿ, ಮುಂದಿನದನ್ನು ಹಿಂಡುತ್ತಾ ಹೋಗಿ, ಗಬಕ್ಕನೆ ಎಳೆಯಬೇಡಿ. ತಿರುವಿನಲ್ಲಿ, ಮರಳಿನ ಮೇಲೆ ಅಪ್ಪನ ಮಾತು ನೆನಪಿಟ್ಟುಕೊಳ್ಳಿ. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆಯಾದರೂ ಇರಲೇಬೇಕು ಎಂದು ಸರ್ಕಾರ ಮಾಡಿದ್ದು ಸುಮ್ನೆ ಅಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರ್ ತಗೊಂಡಿದ್ದೇನೆ. ಬ್ರೇಕ್ ಹಿಡಿದರೆ ಬ್ಯಾಟರಿ ಚಾರ್ಜ್ ಆಗುತ್ತೆ ಅಂದಿದ್ದರು, ಬೆಂಗಳೂರು ಟ್ರಾಫಿಕ್‌ನಲ್ಲಿ ದಿನವಿಡೀ ಬ್ರೇಕ್ ಹಿಡಿದರೂ ಚಾರ್ಜ್ ಏರಿದ್ದು ಕಾಣೆ. (ಬೆಂಗಳೂರು)

ಉತ್ತರ: ಏರುವುದಿಲ್ಲ, ಇಳಿಯುವುದು ಸ್ವಲ್ಪ ನಿಧಾನವಾಗುತ್ತದೆ ಅಷ್ಟೇ. ಸ್ಕೂಟರ್ ಮತ್ತು ನೀವು ಸೇರಿ 200 ಕಿಲೋ, ವೇಗ 45. ಇರುವ ಚಲನ ಶಕ್ತಿ 15,600 ಜೂಲ್, ಅಂದರೆ 4.3 ವ್ಯಾಟ್‌ಅವರ್. 3 ಕಿಲೋವ್ಯಾಟ್‌ಅವರ್ ಬ್ಯಾಟರಿಯಲ್ಲಿ ಅದು ಶೇ. 0.14. ಅದೂ ಪೂರ್ತಿ ವಾಪಸ್ ಬರುವುದಿಲ್ಲ, ಮೋಟರ್ ಮತ್ತು ಬ್ಯಾಟರಿಯಲ್ಲಿ ಒಂದಷ್ಟು ಸೋರುತ್ತದೆ. ನಿಮ್ಮ ಚಾರ್ಜಿನಲ್ಲಿ ದೊಡ್ಡ ಪಾಲು ತಿನ್ನುವುದು ಗಾಳಿ ಮತ್ತು ಟೈರ್, ಅಲ್ಲಿಂದ ಏನೂ ವಾಪಸ್ ಇಲ್ಲ.

ಘಾಟಿಯಲ್ಲಿ ಬೇರೆ ಕಥೆ. 500 ಮೀಟರ್ ಇಳಿದರೆ ಅದೇ ಸ್ಕೂಟರಿಗೆ 270 ವ್ಯಾಟ್‌ಅವರ್ ಸಿಗಬೇಕು, ಅರ್ಧ ಕೈಗೆ ಬಂದರೂ ನಾಲ್ಕು ಕಿಲೋಮೀಟರ್ ಓಡಲು ಸಾಕು. ಆದರೆ ಆಗುಂಬೆಯಲ್ಲಿ ಫುಲ್ ಚಾರ್ಜ್ ಮಾಡಿಕೊಂಡು ಸೋಮೇಶ್ವರಕ್ಕೆ ಇಳಿಯಲು ಹೊರಟರೆ, ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲಾಗದು. ಮೋಟರಿನ ಹಿಡಿತ ಕಡಿಮೆಯಾಗುತ್ತದೆ ಅಥವಾ ಇರುವುದೇ ಇಲ್ಲ, ಪೂರ್ತಿ ಭಾರ ಮಾಮೂಲಿ ಬ್ರೇಕಿಗೆ. ಸ್ವಲ್ಪ ಖಾಲಿ ಇಟ್ಟುಕೊಂಡೇ ಇಳಿಯಿರಿ.

ಇದರಲ್ಲಿ ನಿಜವಾದ ಲಾಭ ನೋಡಬೇಕಾದರೆ ನಮ್ಮ ಮೆಟ್ರೋ ನೋಡಿ. ರೈಲು ಭಾರ, ಸ್ಟೇಷನ್ ಹತ್ತಿರ ಹತ್ತಿರ, ಪದೇ ಪದೇ ನಿಲ್ಲಬೇಕು. ಅಲ್ಲಿ ಬ್ರೇಕ್ ಹಿಡಿದಾಗ ಮೋಟರುಗಳೇ ಜನರೇಟರ್ ಆಗಿ ಪಕ್ಕದ ಮೂರನೇ ಹಳಿಗೆ ಕರೆಂಟ್ ವಾಪಸ್ ಕೊಡುತ್ತವೆ. ಅದೇ ಹೊತ್ತಿಗೆ ಹತ್ತಿರದಲ್ಲಿ ಇನ್ನೊಂದು ರೈಲು ಹೊರಡುತ್ತಿದ್ದರೆ ಅದು ಬಳಸಿಕೊಳ್ಳುತ್ತದೆ.

ಪ್ರಶ್ನೆ: ಘಾಟಿ ರೈಲು ಮಾರ್ಗದಲ್ಲಿ ಮೇನ್ ಲೈನಿನಿಂದ ಕವಲೊಡೆದು ಗುಡ್ಡ ಹತ್ತಿ ಅಲ್ಲೇ ಮುಗಿಯುವ ಹಳಿ ಇರುತ್ತದೆ. ಅದರ ಮೇಲೆ ಯಾವ ರೈಲೂ ಹೋಗಿದ್ದು ನೋಡಿಲ್ಲ. ಯಾಕಿದೆ ಅದು? (ಸಕಲೇಶಪುರ)

ಉತ್ತರ: ಯಾವ ರೈಲೂ ಹೋಗದಿರಲಿ ಅಂತಲೇ ಎಲ್ಲರ ಆಸೆ. ಅದಕ್ಕೆ ಕ್ಯಾಚ್ ಸೈಡಿಂಗ್ ಅನ್ನುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಇಳಿಯುವ ಮಾರ್ಗ 50 ಮೀಟರಿಗೆ 1 ಮೀಟರ್ ಇಳಿಯುತ್ತದೆ, ಕ್ಯಾಸಲ್‌ರಾಕ್‌ನಿಂದ ಕುಳೇಂಗೆ ಇಳಿಯುವ ಘಾಟಿಯಲ್ಲಿ 37ಕ್ಕೇ 1. ಕೇಳಲು ಸಣ್ಣದು ಅನಿಸಬಹುದು, ಸಾವಿರಾರು ಟನ್ ಗೂಡ್ಸ್ ರೈಲಿಗೆ ಉಕ್ಕಿನ ಮೇಲೆ ಉಕ್ಕು ಹಿಡಿಯುವ ಹಿಡಿತ ಡಾಂಬರ್ ಮೇಲಿನ ರಬ್ಬರಿನಷ್ಟು ಇಲ್ಲವೇ ಇಲ್ಲ. ಬ್ರೇಕ್ ತಪ್ಪಿದರೆ ಶಕ್ತಿಯನ್ನು ಶಾಖ ಮಾಡಲು ಯಾವ ದಾರಿಯೂ ಉಳಿದಿರುವುದಿಲ್ಲ. ಆಗ ಉಳಿಯುವುದು ಅದನ್ನು ಮತ್ತೆ ಎತ್ತರವಾಗಿಸುವುದು. 30 ಕಿ.ಮೀ. ವೇಗದ ರೈಲು ಮೂರೂವರೆ ಮೀಟರ್ ಎತ್ತರ ಹತ್ತಿದರೆ ನಿಂತೇ ಹೋಗುತ್ತದೆ, ಅದು ಎಷ್ಟು ಟನ್ ಇದ್ದರೂ ಸರಿ. 60 ಇದ್ದರೆ 14 ಮೀಟರ್ ಬೇಕು. ಇಂಥ ಕಡೆ ಪಾಯಿಂಟನ್ನು (ಹಳಿ ಕವಲೊಡೆಯುವ ಜಾಗದಲ್ಲಿ ರೈಲಿನ ದಾರಿ ಬದಲಿಸುವ ವ್ಯವಸ್ಥೆ) ಸಾಮಾನ್ಯವಾಗಿ ಆ ಗುಡ್ಡದ ಹಳಿಗೇ ತಿರುಗಿಸಿಟ್ಟಿರುತ್ತಾರೆ. ಇಳಿದು ಬಂದ ರೈಲು ಮೊದಲು ಆ ಪಾಯಿಂಟಿಗಿಂತ ಹಿಂದೆಯೇ ನಿಂತು ತನ್ನ ಬ್ರೇಕ್ ಹಿಡಿಯುತ್ತಿದೆ ಎಂದು ತೋರಿಸಬೇಕು, ಆಮೇಲಷ್ಟೇ ಮೇನ್ ಲೈನ್ ಸಿಗುತ್ತದೆ.